ಗಿಡ್ಡ ಅಳತೆಪಟ್ಟಿಯ ಆಟವೇ ನನಗೆ ಮೆಚ್ಚುಗೆ: ಮೂರು ಅಂತರಿಕ್ಷ ಆಟಗಳ ಹೋಲಿಕೆ

ಕಳೆದ ದಸರಾ ರಜೆಯಿಂದ ಈಚೆಗೆ ಕುವೆಂಪುನಗರದ ನಮ್ಮ ಮನೆಯ ಊಟದ ಮೇಜು ಎರಡು ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಯಾವುದೋ ದೂರದ ಗ್ರಹದ ಗಣಿ ಪಟ್ಟಣವಾಗುತ್ತದೆ. ಆಡುವವರು ಮೂವರು: ನಾನು, ನನ್ನ ಭಾವಮೈದುನ ಮತ್ತು ಅವನ ಗೆಳೆಯ. ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನು ನಿಲ್ಲಿಸಿ ಕಾದಾಡಿಸುವ, ಜೊತೆಗೆ ಆ ಬೊಂಬೆಗಳಿಗೆ ಹೆಸರು, ಸಾಲ, ಹಗೆತನಗಳನ್ನೆಲ್ಲ ಕೊಟ್ಟು ಅವುಗಳ ಪಾತ್ರವನ್ನೇ ನಾವು ವಹಿಸುವ ಬಗೆಯ ಮೂರು ಆಟಗಳನ್ನು ಇಷ್ಟರಲ್ಲಿ ಆಡಿ ನೋಡಿದ್ದೇವೆ. ಸ್ಟಾರ್‌ಗ್ರೇವ್ ಮತ್ತು ಫೈವ್ ಪಾರ್ಸೆಕ್ಸ್ ಫ್ರಮ್ ಹೋಮ್ ಅಚ್ಚಾದ ಪುಸ್ತಕಗಳು. ಮೂರನೆಯದು ಅಭಿಮಾನಿಯೊಬ್ಬರು ಬರೆದು ಉಚಿತವಾಗಿ ಹಂಚಿದ 48 ಪುಟಗಳ ಪಿಡಿಎಫ್. ನನ್ನ ಒಲವು ಈ ಮೂರನೆಯದರ ಕಡೆಗೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದೂ ಅದೇ.

ಬೊಂಬೆಯುದ್ಧವನ್ನೂ ಪಾತ್ರಾಭಿನಯವನ್ನೂ ಬೆರೆಸುವುದು ಹೊಸ ಪ್ರಯೋಗವೇನಲ್ಲ. 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟ ಬೆಳೆದು ಬಂದದ್ದೇ 1971ರ ಚೈನ್‌ಮೇಲ್ ಎಂಬ ಬೊಂಬೆಯುದ್ಧದ ನಿಯಮಗಳಿಂದ. 1987ರಲ್ಲಿ ಬಂದ ವಾರ್‌ಹ್ಯಾಮರ್ 40,000 ಎಂಬ ಬೊಂಬೆಯುದ್ಧದ ಆಟದ ಮೊದಲ ಪುಸ್ತಕವೂ ಇಬ್ಬರ ಕಾಳಗದ ನಡುವೆ ಕಥೆ ನಡೆಸಲು ಮೂರನೆಯವನೊಬ್ಬನನ್ನು ಕೂರಿಸುತ್ತಿತ್ತು. ಅಭಿಮಾನಿ ನಿಯಮಗಳಲ್ಲಿ ಆ ಮೂರನೆಯವನಿಗೆ ಮತ್ತೆ ಜಾಗ ಸಿಕ್ಕಿದೆ, ಮೂವರೇ ಇರುವ ನಮ್ಮ ಮನೆಗೆ ಅದು ಹೇಳಿ ಮಾಡಿಸಿದಂತಿದೆ. ಭಾವಮೈದುನನ ಗೆಳೆಯ ಕಥೆ ನಡೆಸುತ್ತಾನೆ, ನಾವಿಬ್ಬರು ಜಗಳವಾಡುತ್ತೇವೆ.

ಸ್ಟಾರ್‌ಗ್ರೇವ್‌ನಲ್ಲಿ ಒಬ್ಬ ಕ್ಯಾಪ್ಟನ್, ಅವನಿಗೊಬ್ಬ ಸಹಾಯಕ, ಬಾಡಿಗೆಗೆ ಹಿಡಿದ ಎಂಟು ಸೈನಿಕರವರೆಗಿನ ಪಡೆ ಇರುತ್ತದೆ. ಕೈಕೈ ಮಿಲಾಯಿಸಿದಾಗ ಇಬ್ಬರೂ ಇಪ್ಪತ್ತು ಮುಖದ ದಾಳ ಉರುಳಿಸಬೇಕು, ಹೆಚ್ಚು ಬಂದವರು ಹೊಡೆದಂತೆ. ಆಟ ಬಹಳ ಚುರುಕು. ಲೂಟಿಯ ಪೆಟ್ಟಿಗೆಗಳಿಗಾಗಿ ನಾವು ಮೂವರೂ ಎಳೆದಾಡಿದ ಮೊದಲ ಮಧ್ಯಾಹ್ನ ಕಾಫಿ ಆರಿಹೋದದ್ದೂ ತಿಳಿಯಲಿಲ್ಲ. ಆದರೆ ನನ್ನ ಅಭಿರುಚಿಗೆ ಎರಡು ಸಂಗತಿಗಳು ಹೊಂದಲಿಲ್ಲ. ಇಪ್ಪತ್ತು ಮುಖದ ದಾಳದಲ್ಲಿ 1 ಬೀಳುವುದಕ್ಕೂ 20 ಬೀಳುವುದಕ್ಕೂ ಸಮಾನ ಅವಕಾಶವಿರುವುದರಿಂದ ಅಡುಗೆಯವನೂ ಕ್ಯಾಪ್ಟನ್ನನನ್ನು ಕೆಡವಿಬಿಡುತ್ತಾನೆ. ಅಭಿಮಾನಿ ನಿಯಮಗಳಲ್ಲಿ ಆರು ಮುಖದ ಎರಡು ದಾಳಗಳ ಮೊತ್ತ ನೋಡುವುದರಿಂದ 36ರಲ್ಲಿ 6 ಸಲ 7 ಬೀಳುತ್ತದೆ, 12 ಬೀಳುವುದು ಒಂದೇ ಸಲ, ಹಾಗಾಗಿ ಪಳಗಿದವನ ಕೈ ಸಾಮಾನ್ಯವಾಗಿ ಮೇಲಾಗಿಯೇ ಇರುತ್ತದೆ. ಇನ್ನೊಂದು, ನಾವು ಆಡಿದ ರೀತಿಯಲ್ಲಿ ಪಾತ್ರಗಳು ಬಾಯಿ ಬಿಡುವುದಕ್ಕೆ ಹೊತ್ತೇ ಸಿಗಲಿಲ್ಲ.

ಫೈವ್ ಪಾರ್ಸೆಕ್ಸ್ ಒಬ್ಬರೇ ಕೂತು ಆಡುವ ಆಟ. ಆರು ಜನರ ತಂಡಕ್ಕೆ ಆರು ದಾಳ ಉರುಳಿಸಿ, ಯಾವ ದಾಳ ಯಾರಿಗೆಂದು ಹಂಚಿ, ಶತ್ರುವಿಗಿಂತ ಮೊದಲು ಯಾರು ಕದಲಬಲ್ಲರೆಂದು ತೀರ್ಮಾನಿಸುವ ಕ್ರಮ ಮೂರೂ ಆಟಗಳ ಪೈಕಿ ಅತ್ಯಂತ ಜಾಣತನದ್ದು. ಮನೆಯವರೆಲ್ಲ ಮಲಗಿದ ಮೇಲೆ ನಾನು ಇದನ್ನೇ ತೆಗೆಯುತ್ತೇನೆ. ಭಾನುವಾರಕ್ಕೆ ಇದು ಒದಗುವುದಿಲ್ಲ.

ಇನ್ನು ಅಭಿಮಾನಿ ನಿಯಮಗಳ ಕಥೆ. ಇದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮಾತಿನ ಸರದಿ. ಶತ್ರುವಿನಿಂದ ಆರು ಇಂಚಿನೊಳಗೆ ನಿಂತ ಪಾತ್ರ ಗುಂಡು ಹಾರಿಸುವ ಬದಲು ಮಾತನಾಡಬಹುದು. ಆಟಗಾರ ಆ ಮಾತನ್ನು ನಿಜವಾಗಿಯೂ ಆಡಿ ತೋರಿಸಬೇಕು. ಎರಡು ದಾಳಗಳ ಮೊತ್ತ 9 ಅಥವಾ ಹೆಚ್ಚು ಬಂದರೆ ಶತ್ರು ಒಂದು ಸರದಿ ಬಂದೂಕು ಇಳಿಸುತ್ತಾನೆ. ನಾಲ್ಕನೆಯ ಭಾನುವಾರ ಭಾವಮೈದುನನ ವೈದ್ಯೆಯ ಪಾತ್ರ ಗಣಿಯ ಕಾವಲುಗಾರನೆದುರು ನಿಂತಿತ್ತು. ಆಮ್ಲಜನಕದ ಸಿಲಿಂಡರಿನ ಆಸೆ ತೋರಿಸುವ ಭಾಷಣವನ್ನು ಅವನು ಮೊದಲೇ ಸಿದ್ಧಮಾಡಿಕೊಂಡಿದ್ದ. ಪಿಡಿಎಫ್‌ನ ಕೊನೆಯ ಪುಟದಿಂದ ಕತ್ತರಿಸಿ ರಟ್ಟಿಗೆ ಅಂಟಿಸಿದ್ದ ಆರಿಂಚಿನ ಪಟ್ಟಿಯನ್ನು ನಾನು ಎರಡು ಬೊಂಬೆಗಳ ನಡುವೆ ಇಟ್ಟೆ. ಕೂದಲೆಳೆಯಷ್ಟು ಸಾಲದೆ ಬಂತು. ಮಾತಿಗೆ ಅವಕಾಶವಿಲ್ಲ ಎಂದೆ. ಅವನು ಎದ್ದು ಒಳಗೆ ಹೋಗಿ ಅಕ್ಕನ ಹೊಲಿಗೆಯ ಡಬ್ಬಿಯಿಂದ ಟೇಪು ತಂದು ಅಳೆದ. ಆರು ಇಂಚಿಗೆ ಒಂದು ಗೆರೆ ಕಡಿಮೆಯೇ ಇತ್ತು. "ಭಾವ, ನಿಮ್ಮ ಪಟ್ಟಿಯೇ ಗಿಡ್ಡ" ಎಂದ.

ಪಟ್ಟಿಯನ್ನು ಟೇಪಿನ ಪಕ್ಕಕ್ಕಿಟ್ಟು ನೋಡಿದರೆ ನಿಜವಾಗಿಯೂ ಸುಮಾರು ನಾಲ್ಕು ಮಿಲಿಮೀಟರ್ ಕೊರತೆ. ಕಾರಣ ಹುಡುಕಲು ನನಗೆ ಒಂದು ವಾರ ಹಿಡಿಯಿತು. ಆ ಪಿಡಿಎಫ್ ಅಮೆರಿಕದ ಲೆಟರ್ ಅಳತೆಯದು, ಅಂದರೆ ಎಂಟೂವರೆ ಇಂಚು ಅಗಲದ ಪುಟ. ನಮ್ಮ ಎ4 ಹಾಳೆಯ ಅಗಲ 210 ಮಿಲಿಮೀಟರ್, ಅಂದರೆ ಸುಮಾರು 8.27 ಇಂಚು. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಪುಟವನ್ನು ಹಾಳೆಗೆ ಹೊಂದಿಸುವ ನೆಪದಲ್ಲಿ ಎಲ್ಲವನ್ನೂ ಶೇಕಡಾ 97ಕ್ಕೆ ಕುಗ್ಗಿಸಿತ್ತು. ಓದುವ ಅಕ್ಷರಕ್ಕೆ ಅದರಿಂದ ಬಾಧೆಯಿಲ್ಲ, ಅಳತೆಪಟ್ಟಿಗೆ ಮಾತ್ರ ಗ್ರಹಚಾರ. 24 ಇಂಚು ದೂರ ಹೊಡೆಯುವ ಬಂದೂಕಿಗೆ ಪಟ್ಟಿಯನ್ನು ನಾಲ್ಕು ಸಲ ಜೋಡಿಸಿದರೆ ಕೊರತೆ ಹದಿನಾರು ಮಿಲಿಮೀಟರ್ ದಾಟುತ್ತದೆ. ನಮ್ಮ ಬೊಂಬೆಗಳ ಪೀಠದ ಅಡ್ಡಳತೆ 25 ಮಿಲಿಮೀಟರ್ ಮಾತ್ರ. ಹಿಂದಿನ ಮೂರು ಭಾನುವಾರಗಳಲ್ಲಿ "ತಲುಪಲಿಲ್ಲ" ಎಂದು ನಾನು ತಳ್ಳಿಹಾಕಿದ ಹೊಡೆತಗಳ ಪಟ್ಟಿಯನ್ನು ಭಾವಮೈದುನ ಇಂದಿಗೂ ಒಪ್ಪಿಸುತ್ತಾನೆ.

ಕುಗ್ಗಿಸದೆ ಮತ್ತೆ ಮುದ್ರಿಸಿಕೊಡಿ ಎಂದು ಕೇಳಿದೆ. ಈ ಸಲ ಪಟ್ಟಿ ಸರಿಯಾಗಿ ಬಂತು, ಆದರೆ ಅಂಚಿನವರೆಗೂ ಚಾಚಿದ್ದ ಗಾಯಗಳ ಕೋಷ್ಟಕದ ಕೊನೆಯ ಕಾಲಂ ಅರ್ಧ ತುಂಡಾಯಿತು. ಯಾರಿಗೆ ಕೈ ಮುರಿಯಿತು, ಯಾರು ಸತ್ತರು ಎಂಬುದು ತಿಳಿಯದಂತಾಯಿತು. ಕಡೆಗೆ ಹಳೆಯ ಪ್ರತಿಯನ್ನೇ ಓದಲು ಇಟ್ಟುಕೊಂಡು, ಅಳೆಯುವುದಕ್ಕೆ ದರ್ಜಿಗಳ ಟೇಪೊಂದನ್ನು ಇಪ್ಪತ್ತು ರೂಪಾಯಿಗೆ ಕೊಂಡೆ. ಅಂದ ಹಾಗೆ, ಆ ದಿನ ವೈದ್ಯೆಗೆ ಮಾತಿನ ಅವಕಾಶ ಕೊಟ್ಟೆವು. ಭಾಷಣ ಸೊಗಸಾಗಿತ್ತು, ದಾಳದಲ್ಲಿ 4 ಬಿತ್ತು, ಕಾವಲುಗಾರ ಗುಂಡು ಹೊಡೆದ.

ಬೊಂಬೆಗಳ ವಿಷಯದಲ್ಲಿ ಮೂರೂ ಆಟಗಳು ಉದಾರ, ಇಂಥದ್ದೇ ಬೇಕೆಂಬ ಹಟವಿಲ್ಲ. ಚನ್ನಪಟ್ಟಣದ ಚಿಕ್ಕ ಮರದ ಬೊಂಬೆಗಳೇ ನಮ್ಮ ಅನ್ಯಗ್ರಹವಾಸಿಗಳು. ಥರ್ಮೋಕೋಲಿನ ಕಟ್ಟಡಗಳಿಗೆ ಮಾತ್ರ ಸ್ಪ್ರೇ ಬಣ್ಣ ಹೊಡೆಯಬೇಡಿ, ನಮ್ಮ ಗಣಿಯ ಗೋಪುರ ಕಣ್ಣೆದುರೇ ಕರಗಿಹೋಯಿತು.

ಎರಡು ಪುಸ್ತಕಗಳಿಗೆ ನನಗೆ ನಾಲ್ಕು ಸಾವಿರ ರೂಪಾಯಿಗೂ ಮೇಲೆ ಆಯಿತು. ಅಭಿಮಾನಿ ನಿಯಮಗಳ ಮುದ್ರಣ, ಸ್ಪೈರಲ್ ಬೈಂಡಿಂಗ್, ಟೇಪು ಎಲ್ಲ ಸೇರಿ ಇನ್ನೂರು ದಾಟಲಿಲ್ಲ. ಇಬ್ಬರೇ ಇದ್ದು, ಎರಡು ಗಂಟೆಯಲ್ಲಿ ಸೋಲು ಗೆಲುವು ಇತ್ಯರ್ಥವಾಗಬೇಕೆನ್ನುವವರು ಸ್ಟಾರ್‌ಗ್ರೇವ್ ಕೊಳ್ಳಲಿ. ಜೊತೆಗೆ ಯಾರೂ ಸಿಗದವರಿಗೆ ಫೈವ್ ಪಾರ್ಸೆಕ್ಸ್ ಇದೆ. ನಾನಂತೂ ಗಾಯಗಳ ಕೋಷ್ಟಕವನ್ನು ಎ4 ಅಳತೆಗೆ ಹೊಸದಾಗಿ ಟೈಪು ಮಾಡುತ್ತಿದ್ದೇನೆ. ಅದರ ಜೊತೆಗೇ ಇಂಚುಗಳನ್ನೆಲ್ಲ ಸೆಂಟಿಮೀಟರಿಗೆ ಬದಲಾಯಿಸಬೇಕೆಂಬುದು ಭಾವಮೈದುನನ ಒತ್ತಾಯ, ಬೇಡವೆಂಬುದು ಅವನ ಗೆಳೆಯನ ವಾದ. ಮುಂದಿನ ಭಾನುವಾರದ ಮೊದಲ ಒಂದು ಗಂಟೆ ಅದಕ್ಕೇ ಹೋಗುವಂತೆ ಕಾಣುತ್ತದೆ.