ಇಳಿಯದ ಇಂಧನ ಒತ್ತಡ: ಮೂರು ರೆಗ್ಯುಲೇಟರ್‌ ಹಾಕಿ ನೋಡಿದ ಮೇಲೆ

ಹದಿನಾರೂವರೆ ಸಾವಿರ ಕೊಟ್ಟು ಕೊನೆಗೆ ತಂದ ರೆಗ್ಯುಲೇಟರನ್ನು (ಇಂಧನದ ಒತ್ತಡವನ್ನು ಹದದಲ್ಲಿಡುವ ಬಿಡಿಭಾಗ) ಮೊದಲೇ ತಂದಿದ್ದರೆ ನನಗೆ ಎರಡು ತಿಂಗಳು ಉಳಿಯುತ್ತಿತ್ತು. ಕಾರು ಹಳೆಯ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಟರ್ಬೊ ಪೆಟ್ರೋಲ್. ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ದೊಡ್ಡದು ಮಾಡಿಸಿದೆ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ ಬದಲಿಸಿದೆ, ಅವುಗಳಿಗೆ ಸಾಲಲಿ ಎಂದು ಗಂಟೆಗೆ 255 ಲೀಟರ್ ದೂಡುವ ಪಂಪ್ ಹಾಕಿಸಿದೆ. ತೊಂದರೆ ಶುರುವಾದದ್ದು ಅಲ್ಲಿಂದ. ಕಾರವಾರ ಪೇಟೆಯಲ್ಲಿ ನಿಂತು ನಿಂತು ಸಾಗುವಾಗ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ಕರಿ ಮಸಿ. ಅದೇ ಕಾರು ದೇವಿಮನೆ ಘಟ್ಟ ಹತ್ತುವಾಗ ಒಂದು ತಕರಾರೂ ಇಲ್ಲ.

ಸುಳಿವು ಇದ್ದದ್ದು ಅಲ್ಲೇ. ಘಟ್ಟದಲ್ಲಿ ಪೆಟ್ರೋಲನ್ನು ಇಂಜಿನ್ ಎಳೆದುಕೊಳ್ಳುತ್ತದೆ. ಐಡಲ್‌ನಲ್ಲಿ (ಕಾರು ನಿಂತು ಇಂಜಿನ್ ಮಾತ್ರ ಓಡುವಾಗ) ಪಂಪ್ ದೂಡಿದ್ದರಲ್ಲಿ ಬಹುಪಾಲು ರೆಗ್ಯುಲೇಟರ್ ದಾಟಿ ಟ್ಯಾಂಕಿಗೆ ಮರಳಬೇಕು. ಮರಳುವ ದಾರಿ ಇಕ್ಕಟ್ಟಾದರೆ ಒತ್ತಡ ಏರಿಯೇ ಇರುತ್ತದೆ, ಇಂಜೆಕ್ಟರ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ.

ಕಾರಿನ ಮೂಲ ರೆಗ್ಯುಲೇಟರ್ 3 ಬಾರ್‌ನದು, ಅಂದರೆ ಒತ್ತಡ ಸುಮಾರು 43.5 ಪಿಎಸ್‌ಐ. ಇಂಜಿನ್ ಗಾಳಿಯ ಒತ್ತಡವನ್ನು ರೆಗ್ಯುಲೇಟರಿಗೆ ತಲುಪಿಸುವ ವ್ಯಾಕ್ಯೂಮ್ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ ನೋಡಿದರೆ ಒತ್ತಡ ಅಳೆಯುವ ಗೇಜ್ 56 ತೋರಿಸಿತು. ತಪ್ಪು ಅದರದ್ದಲ್ಲ, ಹಳೆಯ ಪಂಪ್ ಇದ್ದಾಗ ಮುಳ್ಳು ಜಾಗ ಬಿಟ್ಟು ಕದಲಿದ್ದಿಲ್ಲ.

ಎರಡನೆಯದು ಆನ್‌ಲೈನ್‌ನಲ್ಲಿ 2,800 ರೂಪಾಯಿಗೆ ತರಿಸಿದ್ದು, ತಿರುಪು ತಿರುಗಿಸಿ ಒತ್ತಡ ಹೊಂದಿಸುವಂಥದ್ದು. ತಿರುಪನ್ನು ಸಡಿಲಿಸುತ್ತಾ ಹೋದೆ. 55, 54, 52. ತಿರುಪು ಪೂರ್ತಿ ಹೊರಗೆ ಬಂದು ಕೈಯಲ್ಲಿ ಅಲ್ಲಾಡತೊಡಗಿದರೂ ಮುಳ್ಳು 52ರಿಂದ ಕೆಳಗೆ ಬರಲಿಲ್ಲ. ಗೇಜ್ ಸುಳ್ಳಿರಬಹುದೆಂದು ಬೇರೆ ಗೇಜ್ ಹಾಕಿದೆ, ಅದೂ 52. ಗ್ಯಾರೇಜಿನ ಮೇಸ್ತ್ರಿ, "ತಮ್ಮ, ರಿಟರ್ನ್ ಲೈನ್ ಕಟ್ಟಿಕೊಂಡಿದೆ, ಟ್ಯಾಂಕ್ ಇಳಿಸದೆ ಗತಿಯಿಲ್ಲ" ಎಂದರು. ಟ್ಯಾಂಕ್ ತುಂಬಾ ಪೆಟ್ರೋಲ್ ಇತ್ತು.

ಇಳಿಸುವ ಮುಂಚೆ ಒಂದು ಪರೀಕ್ಷೆ ಮಾಡೋಣ ಎಂದೆ. ಕಾರನ್ನು ಬಯಲಿಗೆ ತಳ್ಳಿ, ಇಂಜಿನ್ ಪೂರ್ತಿ ಆರಿದ ಮೇಲೆ, ರೆಗ್ಯುಲೇಟರಿನಿಂದ ಮರಳುವ ಪೈಪನ್ನು ಕಾರಿನ ಲೈನಿನಿಂದ ಬಿಡಿಸಿ ದಪ್ಪ ಪೈಪಿನ ಮೂಲಕ ದೂರದ ಕ್ಯಾನಿಗೆ ಬಿಟ್ಟೆವು. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿದ್ದರು. ಅದಿಲ್ಲದೆ ಈ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಇಂಜಿನ್ ಓಡಿಸದೆ ಪಂಪ್ ಮಾತ್ರ ಕೆಲವು ಸೆಕೆಂಡ್ ಓಡಿಸಿದೆವು. ಒತ್ತಡ ಥಟ್ಟನೆ ಇಳಿದಿದ್ದರೆ ಮೇಸ್ತ್ರಿಯ ಮಾತು ನಿಜ. ಇಳಿದದ್ದು ಎರಡೇ ಪಿಎಸ್‌ಐ. ಇಕ್ಕಟ್ಟು ಇದ್ದದ್ದು ರೆಗ್ಯುಲೇಟರಿನೊಳಗೇ.

ಅದನ್ನು ಬಿಚ್ಚಿ, ಮರಳುವ ಮೂತಿಯನ್ನು ಬೆಳಕಿಗೆ ಹಿಡಿದೆ. ಹೊರಗಿನಿಂದ ಕಿರುಬೆರಳಿನಷ್ಟು ದಪ್ಪ; ಒಳಗಿನ ತೂತಿಗೆ ಒಂದು ಬೆಂಕಿಕಡ್ಡಿ ಬಿಗಿಯಾಗಿ ಹೋಯಿತು. ಮೂತಿ ಬದಲಿಸಿ ಪ್ರಯೋಜನವಿರಲಿಲ್ಲ, ಒಳಮೈಯ ದಾರಿಯೂ ಅಷ್ಟೇ ಸಣ್ಣ. ಕಡಲ ಗಾಳಿಗೆ ಬೋಲ್ಟುಗಳು ಆಗಲೇ ತುಕ್ಕು ಹಿಡಿದಿದ್ದವು.

ಮೂರನೆಯದರ ರಿಟರ್ನ್ ಬಾಯಿ ಅಗಲ. ತಿರುಪು ಅರ್ಧ ದಾರಿಯಲ್ಲಿರುವಾಗಲೇ 43.5ಕ್ಕೆ ನಿಂತಿತು. ವ್ಯಾಕ್ಯೂಮ್ ಪೈಪ್ ಸಿಕ್ಕಿಸಿದರೆ ಐಡಲ್‌ನಲ್ಲಿ 36. ಟರ್ಬೊ 1 ಬಾರ್ ಒತ್ತುವಾಗ 58. ಈ 58 ನೋಡಿ ಗಾಬರಿಯಾಗಬೇಡಿ: ಟರ್ಬೊ ಒತ್ತಡ ಎಷ್ಟು ಏರುತ್ತದೋ ಇಂಧನದ ಒತ್ತಡವೂ ಅಷ್ಟೇ ಏರಬೇಕು, ಇಲ್ಲದಿದ್ದರೆ ಇಂಜೆಕ್ಟರಿಗೆ ದೂಡುವ ಬಲ ಕುಗ್ಗುತ್ತದೆ. ಟ್ಯೂನ್ ಮಾಡಿದವರು, ಅಂದರೆ ಇಂಜಿನ್ ಕಂಪ್ಯೂಟರಿನಲ್ಲಿ ಪೆಟ್ರೋಲಿನ ಲೆಕ್ಕ ಹೊಂದಿಸಿದವರು, 3 ಬಾರ್ ಎಂದೇ ಲೆಕ್ಕ ಹಾಕಿದ್ದರಿಂದ ಮತ್ತೆ ಟ್ಯೂನ್ ಮಾಡಿಸುವ ಖರ್ಚೂ ಬರಲಿಲ್ಲ.

ನಿಮ್ಮದು ಬರೀ ರೀಮ್ಯಾಪ್ ಮಾಡಿಸಿದ, ಅಂದರೆ ಕಂಪ್ಯೂಟರಿನ ಲೆಕ್ಕ ಮಾತ್ರ ಬದಲಿಸಿದ ಕಾರಾದರೆ ಮೂಲ ಪಂಪ್, ಮೂಲ ರೆಗ್ಯುಲೇಟರ್ ಹಾಗೇ ಇರಲಿ. ದುಡ್ಡು ಟಯರಿಗೆ ಹಾಕಿ. ನಾನು ವಾರ ಬಿಟ್ಟು ವಾರ ಕಾರವಾರದಿಂದ ಶಿರಸಿಗೆ ಘಟ್ಟ ಹತ್ತುವವನು, ದೊಡ್ಡ ಪಂಪ್ ಬಿಡಲಾರೆ. ಹಾಗಾಗಿ ಈ ಬೆಲೆ ನನಗೆ ಹೊರೆ ಅನ್ನಿಸಲಿಲ್ಲ. 2,800ರದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಕಳೆದ ಭಾನುವಾರ ಶಿರಸಿಯಲ್ಲಿ ಮಾವನ ಮನೆಯ ಅಂಗಳದಲ್ಲಿ ಪ್ಲಗ್ ಬಿಚ್ಚಿದೆ. ಪಕ್ಕದಲ್ಲಿ ಒಣಹಾಕಿದ್ದ ಚಾಲಿ ಅಡಿಕೆಯದೇ ತಿಳಿಕಂದು ಬಣ್ಣ.