ತಾಮ್ರಕ್ಕೆ ಯಾವ ಪೊಟೆನ್ಷಿಯಲ್: ಇಎಎಮ್ ಸಾಕೇ, ಯಂತ್ರಕಲಿಕೆ ಬೇಕೇ?

ಕಂಪ್ಯೂಟರ್‌ನಲ್ಲಿ ಲೋಹದ ಪರಮಾಣುಗಳ ವರ್ತನೆಯನ್ನು ಅನುಕರಿಸಲು ಅವುಗಳ ನಡುವಿನ ಶಕ್ತಿಯನ್ನು ಹೇಳುವ ಸೂತ್ರ ಬೇಕು; ಅದೇ ಪೊಟೆನ್ಷಿಯಲ್. ಅವುಗಳಲ್ಲಿ ಸರಳವಾದ ಲೆನಾರ್ಡ್-ಜೋನ್ಸ್ ಸೂತ್ರವನ್ನು ಮೊದಲೇ ಬದಿಗಿಡಿ. ಪರಮಾಣುಗಳನ್ನು ಜೋಡಿ ಜೋಡಿಯಾಗಿ ಮಾತ್ರ ಲೆಕ್ಕ ಹಾಕುವುದರಿಂದ ಅದರಲ್ಲಿ ಸಿ12 ಮತ್ತು ಸಿ44 ಎಂಬ ಸ್ಥಿತಿಸ್ಥಾಪಕ ಸ್ಥಿರಾಂಕಗಳು (ಲೋಹದ ಬಿಗಿತದ ಅಳತೆಗಳು) ಸಮವಾಗಿಬಿಡುತ್ತವೆ. ನಿಜವಾದ ತಾಮ್ರದಲ್ಲಿ ಅವು ಸುಮಾರು 122 ಮತ್ತು 75 ಗಿಗಾಪ್ಯಾಸ್ಕಲ್.

1984ರಲ್ಲಿ ವಿಜ್ಞಾನಿಗಳಾದ ಮರ್ರೆ ಡಾ (Daw) ಮತ್ತು ಮೈಕೆಲ್ ಬಾಸ್ಕಸ್ ವಿವರವಾಗಿ ಮಂಡಿಸಿದ ಇಎಎಮ್ (ಎಂಬೆಡೆಡ್ ಆಟಮ್ ಮೆಥಡ್, ಅಂದರೆ ಹುದುಗಿದ ಪರಮಾಣು ವಿಧಾನ) ಈ ಕೊರತೆಯನ್ನು ನೀಗಿಸಿತು. ನೆರೆಯ ಪರಮಾಣುಗಳು ಒದಗಿಸುವ ಎಲೆಕ್ಟ್ರಾನ್ ಸಾಂದ್ರತೆಯಲ್ಲಿ ಪ್ರತಿ ಪರಮಾಣುವೂ ಹುದುಗಿದೆ ಎಂಬುದು ಅದರ ತಿರುಳು. ಅದರ ವೇಗವೇ ದೊಡ್ಡ ವರ: ಲಕ್ಷಾಂತರ ಪರಮಾಣುಗಳ ತಂತಿಯನ್ನು ಎಳೆದು ನೋಡಲು ಒಂದು ಒಳ್ಳೆಯ ಕಂಪ್ಯೂಟರ್ ಸಾಕು. ಶುದ್ಧ ತಾಮ್ರ, ನಿಕ್ಕಲ್‌ಗಳಿಗೆ ನಾನು ಇಂದಿಗೂ ಇದನ್ನೇ ಆರಿಸುತ್ತೇನೆ.

ಕಬ್ಬಿಣ, ಟಂಗ್‌ಸ್ಟನ್‌ಗಳ ಮಾತು ಬೇರೆ. ಅಲ್ಲಿ ಬಂಧಗಳಿಗೆ ದಿಕ್ಕಿನ ಹಂಗಿದೆ; ತಿರುಪು ಡಿಸ್‌ಲೊಕೇಶನ್‌ನ (ಸ್ಫಟಿಕದಲ್ಲಿ ಪರಮಾಣುಗಳ ಸಾಲುಗಳು ತಿರುಪಿನಂತೆ ಜರುಗಿದ ದೋಷರೇಖೆಯ) ಒಡಲನ್ನು ಹಲವು ಇಎಎಮ್‌ಗಳು ತಪ್ಪಾಗಿ ತೋರಿಸುತ್ತವೆ. ಕ್ವಾಂಟಮ್ ಲೆಕ್ಕಗಳಿಂದ ಕಲಿತ ಯಂತ್ರಕಲಿಕೆಯ ಪೊಟೆನ್ಷಿಯಲ್‌ಗಳು ಇಲ್ಲಿ ಗೆಲ್ಲುತ್ತವೆ. ಹಲವು ಧಾತುಗಳ ಮಿಶ್ರಲೋಹಗಳಿಗೂ ಅವೇ ಮೇಲು. ಆದರೆ ಅವು ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ನಿಧಾನ. ತಾವು ಕಾಣದ ರಚನೆ ಎದುರಾದರೆ ಎಚ್ಚರಿಕೆಯನ್ನೇ ಕೊಡದೆ ದಾರಿ ತಪ್ಪಬಹುದು.

ಯಾವುದನ್ನೇ ಆರಿಸಿದರೂ ಒಂದು ಪರಮಾಣುವನ್ನು ತೆಗೆದು ಖಾಲಿ ಜಾಗದ ಶಕ್ತಿಯನ್ನು ಅಳೆದುಕೊಳ್ಳಿ. ತಾಮ್ರಕ್ಕೆ ಅದು 1.3 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ ಬರಬೇಕು.