ಕ್ಯಾಲ್ಕ್ಯುಲೇಟರ್ ತೋರಿಸುವ ಹಾರಾಟದ ಸಮಯ ನಂಬಿ ಮುಂದಿನ ಟಿಕೆಟ್ ಬುಕ್ ಮಾಡಬೇಡಿ

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ದೂರವನ್ನೂ ಸಮಯವನ್ನೂ ಹೇಳುವ ತಾಣಗಳು ಬೇಕಾದಷ್ಟಿವೆ. ಅವು ತೋರಿಸುವ ದೂರ ಬಹುತೇಕ ಸರಿಯೇ. ಆದರೆ ಆ ಸಮಯವನ್ನು ನಂಬಿ, ಮುಂದಿನ ವಿಮಾನಕ್ಕೆ ಬೇರೆ ಟಿಕೆಟ್ ತೆಗೆದವರು ದುಡ್ಡು ಕಳೆದುಕೊಳ್ಳುತ್ತಾರೆ.

ಲಂಡನ್ ಹೀಥ್ರೂದಿಂದ ನ್ಯೂಯಾರ್ಕ್‌ನ ಜೆಎಫ್‌ಕೆಗೆ ಸುಮಾರು 5,540 ಕಿ.ಮೀ. ಗಂಟೆಗೆ 850 ಕಿ.ಮೀ.ಯಂತೆ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಸೇರಿಸಿದರೆ 7 ಗಂಟೆ. ಬೆಳಗ್ಗೆ 11ಕ್ಕೆ ಹೊರಟರೆ, 5 ಗಂಟೆಯ ಕಾಲವ್ಯತ್ಯಾಸ ಕಳೆದು, ಅಲ್ಲಿ ಮಧ್ಯಾಹ್ನ 1ಕ್ಕೆ ಇಳಿಯಬೇಕು. 3.30ಕ್ಕೆ ಇನ್ನೊಂದು ಕಂಪನಿಯ ಅಂತರರಾಷ್ಟ್ರೀಯ ವಿಮಾನ ಹಿಡಿಯಲು ಎರಡೂವರೆ ಗಂಟೆ ಸಾಕು ಅನ್ನಿಸುತ್ತದೆ.

ಸಾಕಾಗುವುದಿಲ್ಲ. ಪಶ್ಚಿಮಕ್ಕೆ ಹೋಗುವಾಗ ಜೆಟ್ ಸ್ಟ್ರೀಮ್, ಅಂದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ, ಎದುರುಗಾಳಿಯಾಗುತ್ತದೆ. ರನ್‌ವೇಗಾಗಿ ಕಾಯುವುದು, ಇಳಿದ ಮೇಲೆ ಗೇಟ್‌ವರೆಗೆ ಉರುಳುವುದು ಬೇರೆ. ವಿಮಾನ ಕಂಪನಿಗಳ ವೇಳಾಪಟ್ಟಿಯಲ್ಲಿ ಇದೆಲ್ಲ ಸೇರಿ ಸುಮಾರು 8 ಗಂಟೆ ಇರುತ್ತದೆ. ಅಂದರೆ ಗೇಟ್ ತಲುಪುವಾಗಲೇ ಅಲ್ಲಿ ಮಧ್ಯಾಹ್ನ 2 ಗಂಟೆ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವವರೂ ಇಮಿಗ್ರೇಷನ್ ದಾಟಲೇಬೇಕು. ಟಿಕೆಟ್ ಬೇರೆಯಾದ್ದರಿಂದ ಲಗೇಜ್ ಬೆಲ್ಟಿನಿಂದ ಎತ್ತಿಕೊಂಡು, ಟರ್ಮಿನಲ್ ಬದಲಿಸಿ, ಮತ್ತೆ ಚೆಕ್-ಇನ್ ಮಾಡಬೇಕು. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ, ಎಂದರೆ 2.30ಕ್ಕೆ, ಮುಚ್ಚುತ್ತದೆ. ಉಳಿದದ್ದು ಅರ್ಧ ಗಂಟೆ.

ಮಾರ್ಚ್‌ನಲ್ಲಿ ಇನ್ನೂ ಕಷ್ಟ. ಅಮೆರಿಕ ಆ ತಿಂಗಳ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ಎರಡು-ಮೂರು ವಾರ ವ್ಯತ್ಯಾಸ 4 ಗಂಟೆ ಮಾತ್ರ, ಹಾಗಾಗಿ ಅದೇ ವಿಮಾನ ಇಳಿಯುವುದು ಅಲ್ಲಿನ 3 ಗಂಟೆಗೆ. ಅಷ್ಟರಲ್ಲಿ ಕೌಂಟರ್ ಮುಚ್ಚಿ ಅರ್ಧ ಗಂಟೆಯಾಗಿರುತ್ತದೆ.

ಹೋಗುವ ದಾರಿಯ ಸಮಯವನ್ನೇ ಬರುವ ದಾರಿಗೂ ಹಾಕುವುದು ಇನ್ನೊಂದು ತಪ್ಪು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಬಿರುಗಾಳಿಯ ಬೆನ್ನೇರಿ ಇದೇ ಜೆಎಫ್‌ಕೆಯಿಂದ ಹೀಥ್ರೂಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು! ಕ್ಯಾಲ್ಕ್ಯುಲೇಟರ್‌ಗೆ ಗಾಳಿಯ ದಿಕ್ಕೂ ಗೊತ್ತಿಲ್ಲ, ಮುಚ್ಚಿದ ವಾಯುಪ್ರದೇಶವೂ ಗೊತ್ತಿಲ್ಲ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತೂವರೆ ಗಂಟೆಯ ಆಸುಪಾಸಿನಿಂದ ಸುಮಾರು 13ಕ್ಕೆ ಏರಿತು. ನಕ್ಷೆಯ ಮೇಲಿನ ದೂರ ಮಾತ್ರ ಅಷ್ಟೇ ಇದೆ.

ಆದ್ದರಿಂದ ನೀವು ಹೋಗುವ ದಿನಾಂಕದ, ಅದೇ ದಿಕ್ಕಿನ ವೇಳಾಪಟ್ಟಿಯನ್ನು ವಿಮಾನ ಕಂಪನಿಯ ತಾಣದಲ್ಲೇ ನೋಡಿ. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದು ಮೊದಲ ವಿಮಾನ ತಡವಾದರೆ, ಮುಂದೆ ಕಳಿಸುವ ಹೊಣೆ ಕಂಪನಿಯದು. ಬೇರೆ ಟಿಕೆಟ್ ಅನಿವಾರ್ಯವಾದರೆ ನಡುವೆ ಐದಾರು ಗಂಟೆ ಬಿಡಿ. ಅಂದಿನ ಕೊನೆಯ ವಿಮಾನವನ್ನಂತೂ ಹಿಡಿಯಲು ಹೋಗಬೇಡಿ. ನಿಲ್ದಾಣದ ಹೆಸರನ್ನೂ ಪೂರ್ತಿ ಓದಿ: ಟೋಕಿಯೊ ಎಂದಿದ್ದರೆ ನರೀಟಾವೋ ಹನೇಡಾವೋ, ನ್ಯೂಯಾರ್ಕ್ ಎಂದಿದ್ದರೆ ಜೆಎಫ್‌ಕೆಯೋ ನೆವಾರ್ಕೋ.

ಎರಡನೇ ವಿಮಾನ ತಪ್ಪುವುದು ಖಚಿತವಾದ ತಕ್ಷಣ, ಅದು ಹೊರಡುವ ಮುನ್ನವೇ ಆ ಕಂಪನಿಗೆ ಕರೆ ಮಾಡಿ. ಕೆಲವು ಟಿಕೆಟ್‌ಗಳಲ್ಲಿ ಶುಲ್ಕ ಕೊಟ್ಟು ದಿನ ಬದಲಿಸಬಹುದು. ಹೊರಟ ಮೇಲೆ ನೋ-ಶೋ (ಪ್ರಯಾಣಿಕ ಬರಲೇ ಇಲ್ಲ) ಎಂದು ದಾಖಲಾದರೆ, ಅದೇ ಟಿಕೆಟ್‌ನ ವಾಪಸ್ ಪ್ರಯಾಣವೂ ಹೆಚ್ಚಾಗಿ ರದ್ದಾಗುತ್ತದೆ.